ಎಂಒಯು ಅಂದ್ರೆ ಬರೀ ಫೋಟೋನಾ? ಆಫ್ರಿಕಾದ ಒಂದು ಹವಾಮಾನ ಕೇಂದ್ರದ ಕಥೆ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೆ ಎಂಒಯು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸೆಮಿನಾರ್ ಹಾಲಿನಲ್ಲಿ ಒಂದು ಮೇಜು, ಅದರ ಮೇಲೆ ಎರಡು ಫೈಲು, ಹಿಂದೆ ಸಾಲಾಗಿ ನಿಂತ ಎಚ್‌ಒಡಿಗಳು, ಮುಂದೆ ಕೈಕುಲುಕುತ್ತಿರುವ ಇಬ್ಬರು. ಮರುದಿನ ನೋಟಿಸ್ ಬೋರ್ಡಿನಲ್ಲಿ ಫೋಟೋ. ಆಮೇಲೆ ಅದರಿಂದ ಏನಾಯ್ತು ಅಂತ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಪತ್ರಿಕೆಯ ವಿದೇಶ ಪುಟದಲ್ಲೂ ಇಂಥದ್ದೇ ಸುದ್ದಿ ಆಗಾಗ ಬರುತ್ತೆ. ವಿಶ್ವಸಂಸ್ಥೆಯ ಯಾವುದೋ ಅಂಗಸಂಸ್ಥೆ ಆಫ್ರಿಕಾದ ಯಾವುದೋ ಪ್ರಾದೇಶಿಕ ಒಕ್ಕೂಟದ ಜೊತೆ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿತು ಅಂತ. ನಾವು ಓದದೆ ಕ್ರೀಡಾ ಪುಟಕ್ಕೆ ಹಾರುತ್ತೇವೆ. ನಾನೂ ಹಾಗೇ ಇದ್ದೆ. ಆದರೆ ಇಂಥ ಒಂದು ಸಹಕಾರದ ಕಥೆ ಓದಿದ ಮೇಲೆ ಸುಮ್ಮನೆ ಹಾರೋಕೆ ಆಗ್ತಿಲ್ಲ. ಅದು ಮಳೆ ಮುನ್ಸೂಚನೆಗೆ ಸಂಬಂಧಿಸಿದ್ದು. ಮುನ್ಸೂಚನೆ ಸರಿಯಾಗಿತ್ತು, ಸಮಯಕ್ಕೆ ಬಂದಿತ್ತು, ಬೇಕಾದವರ ಕೈಗೆಲ್ಲ ತಲುಪಿತ್ತು. ಆದರೂ ಸುಮಾರು 2,58,000 ಜನ ಸತ್ತರು. ಹಾಗಾದರೆ ಆ ಸಹಿಗಳೆಲ್ಲ ಏನು ಮಾಡಿದವು, ಏನು ಮಾಡಲಿಲ್ಲ ಅನ್ನೋದೇ ಈ ಲೇಖನದ ವಿಷಯ.

ಮೊದಲು ಈ ಒಕ್ಕೂಟಗಳು ಯಾವುವು ಅಂತ ನೋಡಿಬಿಡೋಣ. ಆಫ್ರಿಕಾದ 50ಕ್ಕೂ ಹೆಚ್ಚು ದೇಶಗಳು ಒಂದೇ ಸಲಕ್ಕೆ ಒಂದು ಮಾರುಕಟ್ಟೆ ಆಗೋದು ಕಷ್ಟ. ಹಾಗಾಗಿ ಮೊದಲು ಅಕ್ಕಪಕ್ಕದವರು ಗುಂಪಾಗಲಿ, ಆಮೇಲೆ ಗುಂಪುಗಳು ಒಂದಾಗಲಿ ಅನ್ನೋದು 1991ರ ಅಬುಜಾ ಒಪ್ಪಂದದ ಲೆಕ್ಕಾಚಾರ. ಇವತ್ತು ಆಫ್ರಿಕನ್ ಯೂನಿಯನ್ ಇಂಥ 8 ಒಕ್ಕೂಟಗಳನ್ನು ಮಾನ್ಯ ಮಾಡಿದೆ. ಪಶ್ಚಿಮದಲ್ಲಿ ಇಕೊವಾಸ್, ದಕ್ಷಿಣದಲ್ಲಿ ಸಾಡೆಕ್, ಪೂರ್ವದಲ್ಲಿ ಪೂರ್ವ ಆಫ್ರಿಕಾ ಸಮುದಾಯ, ಪೂರ್ವ ಮತ್ತು ದಕ್ಷಿಣವನ್ನು ಸೇರಿಸಿದ ಕೊಮೆಸಾ, ಹೀಗೆ. ಒಂದರ ಮೇಲೊಂದು ಹಾಸಿಕೊಂಡಿವೆ ಕೂಡ. ಕೀನ್ಯಾ ಒಂದೇ ಇವುಗಳಲ್ಲಿ ನಾಲ್ಕರ ಸದಸ್ಯ. ವೆನ್ ಡಯಾಗ್ರಾಮ್ ಬರೆಯೋಕೆ ಕೂತರೆ ಹಾಳೆ ಹರಿದುಹೋಗುತ್ತೆ.

ಈ ಎಂಟರಲ್ಲಿ ನಮ್ಮ ಕಥೆಗೆ ಬೇಕಾದದ್ದು ಇಗ್ಯಾಡ್. ನಕ್ಷೆಯಲ್ಲಿ ಆಫ್ರಿಕಾದ ಪೂರ್ವಕ್ಕೆ ಕೊಂಬಿನ ಹಾಗೆ ಚಾಚಿಕೊಂಡಿರೋ ಭಾಗ ಇದೆಯಲ್ಲ, ಸೊಮಾಲಿಯಾ, ಇಥಿಯೋಪಿಯಾ, ಜಿಬೂಟಿ, ಸುತ್ತಲಿನ ಕೀನ್ಯಾ, ಉಗಾಂಡಾ, ಸುಡಾನ್, ಅಲ್ಲಿನ ಒಕ್ಕೂಟ. ಬೇರೆ ಒಕ್ಕೂಟಗಳು ಬಹುಮಟ್ಟಿಗೆ ವ್ಯಾಪಾರದ ಮಾತಿನಿಂದ ಶುರುವಾದರೆ ಇದು ಹುಟ್ಟಿದ್ದೇ ಬರದಿಂದ. 1984ರ ಇಥಿಯೋಪಿಯಾ ಕ್ಷಾಮದ ನಂತರ, 1986ರಲ್ಲಿ, ಆರು ದೇಶಗಳು ವಿಶ್ವಸಂಸ್ಥೆಯ ಒತ್ತಾಸೆಯಿಂದ ಜಿಬೂಟಿಯಲ್ಲಿ ಇದನ್ನು ಕಟ್ಟಿದವು. ಆಗ ಅದರ ಹೆಸರಲ್ಲೇ 'ಬರ' ಅನ್ನೋ ಪದ ಇತ್ತು. 1996ರಲ್ಲಿ ಶಾಂತಿ, ವ್ಯಾಪಾರ ಎಲ್ಲ ಸೇರಿಸಿಕೊಂಡು ಹೆಸರು ಬದಲಾಯಿಸಿದರು. ಬರ ಮಾತ್ರ ಹೋಗಲಿಲ್ಲ.

ಇನ್ನು ಕೇಂದ್ರದ ವಿಷಯ. 1989ರಲ್ಲಿ ನೈರೋಬಿ ಮತ್ತು ಹರಾರೆ ನಗರಗಳಲ್ಲಿ ಎರಡು ಬರ ನಿಗಾ ಕೇಂದ್ರಗಳು ಶುರುವಾದವು. ದುಡ್ಡು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ್ದು, ತಾಂತ್ರಿಕ ಹೊಣೆ ವಿಶ್ವ ಹವಾಮಾನ ಸಂಸ್ಥೆಯದ್ದು, ಕಾರ್ಯಕ್ಷೇತ್ರ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ 24 ದೇಶ. ಇಲ್ಲಿ ಒಂದು ಮಾತು. ಇದಕ್ಕೆ ಒಂದು ವರ್ಷ ಮೊದಲು, 1988ರಲ್ಲಿ, ನಮ್ಮ ಕರ್ನಾಟಕದಲ್ಲೂ ಬರ ನಿಗಾ ಘಟಕ ಶುರುವಾಗಿತ್ತು. ಅದೇ ಮುಂದೆ 2007ರಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಯ್ತು. ಇವತ್ತು ನಿಮ್ಮ ಹೋಬಳಿಯಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತು ಅಂತ ಹೇಳೋದು ಅದೇ. ಎರಡೂ ಕೇಂದ್ರಗಳ ಕೆಲಸ ಹೆಚ್ಚುಕಡಿಮೆ ಒಂದೇ. ಆದರೆ ವ್ಯತ್ಯಾಸ ನೋಡಿ. ಬೀದರ್‌ನಲ್ಲಿ ಮಳೆಮಾಪಕ ಹಾಕೋಕೆ ಬೆಂಗಳೂರಿನಿಂದ ಒಂದು ಆದೇಶ ಸಾಕು. ನೈರೋಬಿಯಲ್ಲಿ ಕೂತವರಿಗೆ ಇಥಿಯೋಪಿಯಾದಲ್ಲಿ ಒಂದು ಮಾಪಕದ ಅಂಕಿ ಬೇಕಾದರೆ ಕೇಳಿಕೊಳ್ಳಬೇಕು. ಆ ದೇಶ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಒಪ್ಪಂದ ಅನ್ನೋದು ಬೇಕಾಗೋದು ಇಲ್ಲೇ.

ಯಾಕೆ ಪಕ್ಕದ ದೇಶದ ಅಂಕಿ ಬೇಕು ಅಂತ ಕೇಳಬಹುದು. ಸೊಮಾಲಿಯಾದ ಎರಡು ದೊಡ್ಡ ನದಿಗಳು, ಶಬೆಲ್ಲೆ ಮತ್ತು ಜುಬಾ, ಹುಟ್ಟೋದು ಇಥಿಯೋಪಿಯಾದ ಎತ್ತರದ ಪ್ರದೇಶದಲ್ಲಿ. ಅಲ್ಲಿ ಜೋರು ಮಳೆಯಾದರೆ ಇಲ್ಲಿ ಒಣಹವೆಯಲ್ಲೇ ಪ್ರವಾಹ ಬರುತ್ತೆ. ಕೊಯ್ನಾದಲ್ಲಿ ಮಳೆಯಾದಾಗ ಕೃಷ್ಣಾ ತೀರದ ನಮ್ಮ ಊರುಗಳು ಮಹಾರಾಷ್ಟ್ರದ ಅಂಕಿಗೆ ಕಾಯ್ತಾವಲ್ಲ, ಹಾಗೆ. ಸೊಮಾಲಿಯಾದ ಪಾಡು ಇನ್ನೂ ಕಷ್ಟ. 1991ರಲ್ಲಿ ಸರ್ಕಾರ ಕುಸಿದಾಗ ಅದರ ಜೊತೆ ಹವಾಮಾನ ಇಲಾಖೆಯೂ ಹೋಯ್ತು. ಎಷ್ಟೋ ವರ್ಷ ಅಲ್ಲಿ ಮಳೆ ಮತ್ತು ನದಿಮಟ್ಟ ಅಳೆಯೋ ಕೆಲಸ ಮಾಡಿದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ನಡೆಸುತ್ತಿದ್ದ ಒಂದು ಯೋಜನೆ. ಒಂದು ದೇಶದ ಇಲಾಖೆ ಮಾಡಬೇಕಾದ ಕೆಲಸವನ್ನು ಅಂತರರಾಷ್ಟ್ರೀಯ ಸಂಸ್ಥೆ ಮಾಡೋದು ಅಂದ್ರೆ ಇದು.

ದತ್ತಾಂಶ ಹಂಚಿಕೊಳ್ಳೋ ವಿಚಾರದಲ್ಲಿ ವಿಶ್ವ ಹವಾಮಾನ ಸಂಸ್ಥೆಗೆ ತನ್ನದೇ ಒಂದು ನಿಯಮ ಇದೆ. 2021ರವರೆಗೆ ಜಾರಿಯಲ್ಲಿದ್ದ 1995ರ ಅದರ 40ನೇ ನಿರ್ಣಯದ ಪ್ರಕಾರ ಅತ್ಯಗತ್ಯ ಹವಾಮಾನ ಅಂಕಿಗಳನ್ನು ಸದಸ್ಯ ದೇಶಗಳು ಉಚಿತವಾಗಿ ಹಂಚಿಕೊಳ್ಳಬೇಕಿತ್ತು. ಆದರೆ ಯಾವುದು ಅತ್ಯಗತ್ಯ, ಯಾವುದು ಹೆಚ್ಚುವರಿ ಅನ್ನೋದರಲ್ಲಿ ದೇಶಗಳಿಗೆ ಸಾಕಷ್ಟು ಸಡಿಲಿಕೆ ಇತ್ತು. ಕೆಲವೇ ಕೇಂದ್ರಗಳ ಅಂಕಿ ಹೊರಗೆ, ಉಳಿದದ್ದು ಕಪಾಟಿನಲ್ಲಿ. ಬಡ ದೇಶದ ಹವಾಮಾನ ಇಲಾಖೆಗೆ ಆ ಹಳೇ ಅಂಕಿಗಳನ್ನು ಮಾರೋದೇ ಒಂದು ಆದಾಯ. ಅದನ್ನು ಬರೀ ಜಿಪುಣತನ ಅಂತ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ.

ಈಗ ಯೋಜನೆ ಮುಗಿದಾಗ ಏನಾಗುತ್ತೆ ಅನ್ನೋ ಪ್ರಶ್ನೆ. ಫಂಡೆಡ್ ಪ್ರಾಜೆಕ್ಟ್ ಮುಗಿದ ಮೇಲೆ ಲ್ಯಾಬಿನ ಕಂಪ್ಯೂಟರುಗಳ ಗತಿ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ನೈರೋಬಿ ಕೇಂದ್ರಕ್ಕೂ ಅದೇ ಆಗಬಹುದಿತ್ತು. ಅದನ್ನು ಉಳಿಸಿದ್ದು ಒಂದು ಔಪಚಾರಿಕ ಹೆಜ್ಜೆ. 2003ರಲ್ಲಿ ಕಂಪಾಲಾ ಶೃಂಗಸಭೆಯಲ್ಲಿ ಇಗ್ಯಾಡ್ ನಾಯಕರು ಆ ಕೇಂದ್ರವನ್ನು ತಮ್ಮ ಒಕ್ಕೂಟದ ಸಂಸ್ಥೆಯಾಗಿ ಸ್ವೀಕರಿಸಿದರು. ಹೆಸರು ಇಕ್ಪ್ಯಾಕ್ ಅಂತಾಯ್ತು. 2007ರಲ್ಲಿ ಅದನ್ನು ಪೂರ್ತಿ ಒಳಗೆ ಸೇರಿಸಿಕೊಳ್ಳುವ ಪ್ರೋಟೊಕಾಲ್‌ಗೆ ಸಹಿ ಬಿತ್ತು. ಹರಾರೆಯ ಕೇಂದ್ರ ಇದೇ ರೀತಿ ಸಾಡೆಕ್‌ಗೆ ಸೇರಿ, ಬೋಟ್ಸ್ವಾನಾದ ಗ್ಯಾಬರೋನ್‌ಗೆ ಹೋಯಿತು. ಕೇಳೋಕೆ ಇದು ಆಫೀಸಿನ ಬೋರ್ಡ್ ಬದಲಾಯಿಸಿದ ಹಾಗೆ ಅನ್ನಿಸುತ್ತೆ. ಆದರೆ ಯೋಜನೆಗೆ ಕೊನೆಯ ದಿನಾಂಕ ಇರುತ್ತೆ, ಸಂಸ್ಥೆಗೆ ಇರಲ್ಲ. ಯೋಜನೆಯ ಮುಖ್ಯಸ್ಥ ಒಂದು ದೇಶದ ಮಂತ್ರಿಗೆ ಪತ್ರ ಬರೆದರೆ ಉತ್ತರ ಬರಲೇಬೇಕಂತಿಲ್ಲ. ಆ ಮಂತ್ರಿಯ ರಾಷ್ಟ್ರಾಧ್ಯಕ್ಷರೇ ಸಹಿ ಹಾಕಿ ಕಟ್ಟಿದ ಸಂಸ್ಥೆ ಬರೆದರೆ ಅದನ್ನು ಮೂಲೆಗೆ ಎಸೆಯೋದು ಅಷ್ಟು ಸುಲಭ ಅಲ್ಲ.

ಇನ್ನು ಆ ಕೇಂದ್ರ ಮಾಡೋ ಕೆಲಸ. 1997–98ರ ದೊಡ್ಡ ಎಲ್ ನಿನೊ ಪೂರ್ವ ಆಫ್ರಿಕಾದಲ್ಲಿ ಭಾರಿ ಪ್ರವಾಹ ತಂದಿತ್ತು. ಅದರ ಬೆನ್ನಿಗೇ, 1998ರ ಫೆಬ್ರವರಿಯಲ್ಲಿ, ನೈರೋಬಿಯಲ್ಲಿ ಈ ಭಾಗದ ಹವಾಮಾನ ತಜ್ಞರೆಲ್ಲ ಒಂದು ಕಡೆ ಸೇರಿದರು. ಆ ಸಭೆ ಈಗಲೂ ವರ್ಷಕ್ಕೆ ಮೂರು ಸಲ ನಡೆಯುತ್ತೆ, ಮೂರು ಮಳೆಗಾಲಗಳಿಗೆ ಮುಂಚೆ. ಮಾರ್ಚ್–ಮೇ ಒಂದು, ಜೂನ್–ಸೆಪ್ಟೆಂಬರ್ ಒಂದು, ಅಕ್ಟೋಬರ್–ಡಿಸೆಂಬರ್ ಇನ್ನೊಂದು. ಸುತ್ತಮುತ್ತಲ 11 ದೇಶಗಳ ಹವಾಮಾನ ಇಲಾಖೆಯವರು, ಕೃಷಿ, ಆರೋಗ್ಯ, ನೀರಾವರಿ ಇಲಾಖೆಯವರು, ವಿಶ್ವಸಂಸ್ಥೆಯ ಅಂಗಸಂಸ್ಥೆಗಳವರು, ಪತ್ರಕರ್ತರು ಎಲ್ಲ ಕೂತು ಮುಂದಿನ ಮಳೆಗಾಲದ ಒಂದು ನಕ್ಷೆ ಹೊರಡಿಸುತ್ತಾರೆ.

ಆ ನಕ್ಷೆ ಓದೋದು ಹೇಗೆ ಅಂತ ಸ್ವಲ್ಪ ನಿಂತು ನೋಡೋಣ, ಯಾಕಂದ್ರೆ ಮುಂದಿನ ದುರಂತ ಇದರಲ್ಲೇ ಅಡಗಿದೆ. ಒಂದು ಜಾಗದ ಕಳೆದ 30 ವರ್ಷದ ಮಳೆಯನ್ನು ಏರಿಕೆ ಕ್ರಮದಲ್ಲಿ ಜೋಡಿಸಿ. ಮೂರು ಸಮಭಾಗ ಮಾಡಿ. ಕೆಳಗಿನ 10 ವರ್ಷ 'ಕಡಿಮೆ', ನಡುವಿನ 10 'ವಾಡಿಕೆ', ಮೇಲಿನ 10 'ಹೆಚ್ಚು'. ಏನೂ ಗೊತ್ತಿಲ್ಲದಿದ್ದರೆ ಪ್ರತಿಯೊಂದಕ್ಕೂ ಶೇ 33ರಷ್ಟು ಸಾಧ್ಯತೆ. ಸಮುದ್ರದ ಉಷ್ಣಾಂಶ ಮತ್ತಿತರ ಸುಳಿವುಗಳನ್ನು ಸೇರಿಸಿದಾಗ ಆ ಮೂರು ಅಂಕಿಗಳು ಅತ್ತಿತ್ತ ಸರಿಯುತ್ತವೆ. ಉದಾಹರಣೆಗೆ ಕಡಿಮೆಗೆ 45, ವಾಡಿಕೆಗೆ 35, ಹೆಚ್ಚಿಗೆ 20. ಇಷ್ಟೇ. 'ಮಳೆ ಬರಲ್ಲ' ಅಂತ ಅದು ಯಾವತ್ತೂ ಹೇಳಲ್ಲ. ಪ್ರಾಬಬಿಲಿಟಿ ಪೇಪರ್ ಬರೆದ ನಮಗೆ 45 ಅಂದ್ರೆ ಗಂಭೀರ ಅಂತ ಗೊತ್ತಾಗುತ್ತೆ. ಹಣಕಾಸು ಮಂತ್ರಿಗೆ ಅದರ ಅರ್ಥ ಇನ್ನೂ ಶೇ 55ರಷ್ಟು ಆಸೆ ಇದೆ ಅಂತ!

ಮೊದಲೆಲ್ಲ ಈ ಅಂಕಿಗಳನ್ನು ತಜ್ಞರು ಚರ್ಚೆ ಮಾಡಿ ಒಮ್ಮತದಿಂದ ನಿರ್ಧರಿಸುತ್ತಿದ್ದರು. ಒಮ್ಮತ ಅಂದ ಮೇಲೆ ಎಲ್ಲರೂ ನಡುಗೆರೆಯ ಕಡೆಗೆ ಜಾರೋದು ಸಹಜ. ಪ್ರಾಜೆಕ್ಟ್ ವೈವಾದಲ್ಲಿ ಮೂರು ಜನ ಕೂತು ಅಂಕ ಕೊಟ್ಟ ಹಾಗೆ. 2019ರ ಸುಮಾರಿಗೆ ವಿಶ್ವ ಹವಾಮಾನ ಸಂಸ್ಥೆಯ ಸಲಹೆಯ ಪ್ರಕಾರ ಜಾಗತಿಕ ಮಾದರಿಗಳ ಫಲಿತಾಂಶವನ್ನೇ ಲೆಕ್ಕಕ್ಕೆ ತಗೊಳ್ಳೋ, ಬೇರೆ ಯಾರು ಮಾಡಿದರೂ ಅದೇ ಉತ್ತರ ಬರೋ ವಿಧಾನಕ್ಕೆ ಬದಲಾಯಿಸಿಕೊಂಡರು. ನನ್ನ ಮಟ್ಟಿಗೆ ಈ ಇಡೀ ಸಹಕಾರದಲ್ಲಿ ಸದ್ದಿಲ್ಲದೆ ಆದ ದೊಡ್ಡ ಕೆಲಸ ಇದು.

ಸಮುದ್ರದ ಸುಳಿವು ಅಂದೆನಲ್ಲ, ಅದರಲ್ಲಿ ಒಂದು ನಮ್ಮ ಅಂಗಳದ್ದೇ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಅಂದರೆ ಆಫ್ರಿಕಾದ ಕಡೆ, ವಾಡಿಕೆಗಿಂತ ಬಿಸಿಯಾಗಿ ಇಂಡೋನೇಷ್ಯಾದ ಕಡೆ ತಣ್ಣಗಾದರೆ ಅದಕ್ಕೆ ಪಾಸಿಟಿವ್ ಡೈಪೋಲ್ ಅಂತಾರೆ. 2019ರಲ್ಲಿ ಅದು ತುಂಬಾ ಜೋರಾಗಿತ್ತು. ಆ ವರ್ಷ ಆಗಸ್ಟ್‌ನಲ್ಲಿ ಬೆಳಗಾವಿ, ಕೊಡಗು ಮುಳುಗಿದ್ದು ನೆನಪಿರಬೇಕು. ಅದಕ್ಕೆ ಡೈಪೋಲ್ ಒಂದೇ ಕಾರಣ ಅಂತ ಹೇಳೋಕಾಗಲ್ಲ. ಆದರೆ ಅದೇ ವರ್ಷ ಅಕ್ಟೋಬರ್ ನಂತರ ಪೂರ್ವ ಆಫ್ರಿಕಾದಲ್ಲಿ ಸುರಿದ ಅತಿವೃಷ್ಟಿಯಲ್ಲಿ ಅದರ ಕೈ ದೊಡ್ಡದು. ಆ ತೇವದಲ್ಲೇ ಮರುಭೂಮಿ ಮಿಡತೆಗಳು ಹೆಚ್ಚಿಕೊಂಡು 2020ರಲ್ಲಿ ಕೀನ್ಯಾಕ್ಕೆ 70 ವರ್ಷಗಳಲ್ಲೇ ಕಾಣದಷ್ಟು ದೊಡ್ಡ ದಾಳಿ ಆಯ್ತು. ಆಗ ಎಫ್‌ಎಒ ಮತ್ತು ಇಕ್ಪ್ಯಾಕ್ ಒಟ್ಟಿಗೆ ಕೆಲಸ ಮಾಡಿದವು. ಗಾಳಿ ಮತ್ತು ಮಣ್ಣಿನ ತೇವದ ಮಾಹಿತಿ ಒಂದು ಕಡೆಯಿಂದ, ಮಿಡತೆ ಹಿಂಡುಗಳ ವರದಿ ಇನ್ನೊಂದು ಕಡೆಯಿಂದ. ಆ ಹಿಂಡು ಮುಂದೆ ಎಲ್ಲಿಗೆ ಹೋಗಬಹುದು ಅನ್ನೋದು ಎರಡೂ ಕೂಡಿದಾಗ ಮಾತ್ರ ಗೊತ್ತಾಗೋದು.

ಈಗ 2010ಕ್ಕೆ ಬರೋಣ. ಆ ವರ್ಷದ ಮಧ್ಯದಲ್ಲೇ ಪೆಸಿಫಿಕ್ ಸಾಗರದಲ್ಲಿ ಲಾ ನಿನಾ ಬೆಳೆಯುತ್ತಿರೋದು ಸ್ಪಷ್ಟ ಇತ್ತು. ಲಾ ನಿನಾ ಅಂದ್ರೆ ಪೂರ್ವ ಆಫ್ರಿಕಾಕ್ಕೆ ಸಾಮಾನ್ಯವಾಗಿ ಅಕ್ಟೋಬರ್–ಡಿಸೆಂಬರ್ ಮಳೆ ಕಡಿಮೆ. ಆಗಸ್ಟ್‌ನಲ್ಲೇ ಎಚ್ಚರಿಕೆಗಳು ಹೊರಟವು. ಹೇಳಿದ ಹಾಗೇ ಮಳೆ ಕೈಕೊಟ್ಟಿತು. ನಂತರ 2011ರ ಮಾರ್ಚ್–ಮೇ ಮಳೆಯೂ ಹೋಯ್ತು. ಈ ಉದ್ದಕ್ಕೂ ವರದಿ ಮೇಲೆ ವರದಿ. ಎಫ್‌ಎಒ ಆಶ್ರಯದಲ್ಲಿ ಸೊಮಾಲಿಯಾದ ಆಹಾರ ಪರಿಸ್ಥಿತಿ ಅಳೆಯೋ ಒಂದು ಘಟಕವೇ ಇತ್ತು, ಅದರ ಅಂಕಿಗಳು ತಿಂಗಳು ತಿಂಗಳು ಕೆಡುತ್ತಾ ಹೋಗೋದು ಎಲ್ಲರ ಮೇಜಿನ ಮೇಲಿತ್ತು. ದೊಡ್ಡ ಮೊತ್ತದ ಹಣ ಹರಿದದ್ದು ಮಾತ್ರ 2011ರ ಜುಲೈ 20ರಂದು ದಕ್ಷಿಣ ಸೊಮಾಲಿಯಾದ ಎರಡು ಭಾಗಗಳಲ್ಲಿ ಕ್ಷಾಮ ಘೋಷಣೆ ಆದ ಮೇಲೆ. ಮೊದಲ ಎಚ್ಚರಿಕೆಗೂ ಅದಕ್ಕೂ ನಡುವೆ 11 ತಿಂಗಳು.

ಕ್ಷಾಮ ಅಂತ ಘೋಷಿಸೋದಕ್ಕೆ ಒಂದು ಅಳತೆ ಇದೆ. ಅದನ್ನೂ ಸೊಮಾಲಿಯಾದಲ್ಲೇ 2004ರಲ್ಲಿ ಎಫ್‌ಎಒ ಘಟಕ ರೂಪಿಸಲು ಶುರುಮಾಡಿದ್ದು, ಈಗ ಜಗತ್ತೆಲ್ಲ ಬಳಸುತ್ತೆ. ಐದು ಮನೆಗಳಲ್ಲಿ ಒಂದು ಮನೆಗೆ ಆಹಾರ ಪೂರ್ತಿ ಇಲ್ಲದಿರಬೇಕು, ಶೇ 30ಕ್ಕಿಂತ ಹೆಚ್ಚು ಮಕ್ಕಳು ತೀವ್ರ ಅಪೌಷ್ಟಿಕತೆಗೆ ಒಳಗಾಗಿರಬೇಕು, ದಿನಕ್ಕೆ ಪ್ರತಿ 10,000 ಜನರಲ್ಲಿ ಇಬ್ಬರಿಗಿಂತ ಹೆಚ್ಚು ಸಾಯುತ್ತಿರಬೇಕು. ಮೂರನೇ ಷರತ್ತನ್ನು ಇನ್ನೊಮ್ಮೆ ಓದಿ. ಅಲಾರಾಂ ಬಾರಿಸೋಕೆ ಮುಂಚೆಯೇ ಜನ ಸಾಯುತ್ತಿರಬೇಕು. ಕಂಟ್ರೋಲ್ ಸಿಸ್ಟಮ್ಸ್ ಓದಿದವರು ಇಂಥ ಸೆನ್ಸರನ್ನು ಫೀಡ್‌ಬ್ಯಾಕ್‌ಗೆ ಹಾಕ್ತೀರಾ? ಅಳತೆ ತಪ್ಪಲ್ಲ, ಅದು ಇರೋದು ಪರಿಸ್ಥಿತಿ ಎಷ್ಟು ಕೆಟ್ಟಿದೆ ಅಂತ ಹೋಲಿಸೋಕೆ. ಅದನ್ನೇ ದುಡ್ಡು ಬಿಡುಗಡೆಯ ಸ್ವಿಚ್ಚಾಗಿ ಬಳಸಿದ್ದು ತಪ್ಪು.

ಹಾಗಂತ ಬರೀ ಕಾಗದದ ದೋಷ ಅಂತ ಹೇಳಿದರೆ ಅನ್ಯಾಯ ಆಗುತ್ತೆ. ದಕ್ಷಿಣ ಸೊಮಾಲಿಯಾ ಆಗ ಅಲ್ ಶಬಾಬ್ ಹಿಡಿತದಲ್ಲಿತ್ತು. ಅವರು ವಿಶ್ವ ಆಹಾರ ಕಾರ್ಯಕ್ರಮವನ್ನು 2010ರಲ್ಲೇ ಹೊರಗಟ್ಟಿದ್ದರು. ಇನ್ನೊಂದು ಕಡೆ, ಅಕ್ಕಿ ಗೋಧಿ ಅಲ್ ಶಬಾಬ್ ಕೈಗೆ ಸಿಕ್ಕರೆ ಅಮೆರಿಕದ ಭಯೋತ್ಪಾದನಾ ವಿರೋಧಿ ಕಾನೂನಿನಡಿ ಕೇಸು ಬೀಳುತ್ತೆ ಅಂತ ನೆರವು ಸಂಸ್ಥೆಗಳಿಗೂ ಹೆದರಿಕೆ. ಹೀಗೆ ಎರಡು ಕಡೆಯಿಂದಲೂ ದಾರಿ ಬಂದ್. 2013ರಲ್ಲಿ ಬಂದ ಅಧ್ಯಯನದ ಅಂದಾಜಿನಂತೆ ಸತ್ತ ಸುಮಾರು 2,58,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳು.

ಇಲ್ಲಿ ಒಪ್ಪಂದಗಳ ಭಾಷೆಯತ್ತ ಒಂದು ಸಲ ನೋಡಬೇಕು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಒಕ್ಕೂಟಗಳ ಜೊತೆ ಮಾಡಿಕೊಳ್ಳೋ ಎಂಒಯುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮಾಹಿತಿ ವಿನಿಮಯ, ಪರಸ್ಪರರ ಸಭೆಗೆ ವೀಕ್ಷಕರಾಗಿ ಆಹ್ವಾನ, ಜಂಟಿ ತರಬೇತಿ, ಎರಡೂ ಕಡೆ ಒಬ್ಬೊಬ್ಬ ಸಂಪರ್ಕ ಅಧಿಕಾರಿ, ಭಿನ್ನಾಭಿಪ್ರಾಯ ಬಂದರೆ ಮಾತುಕತೆ, ಬೇಡವಾದರೆ ಇಂತಿಷ್ಟು ತಿಂಗಳ ನೋಟಿಸ್ ಕೊಟ್ಟು ಬಿಡುಗಡೆ. ಜೊತೆಗೆ ಸಾಮಾನ್ಯವಾಗಿ ಒಂದು ಸಾಲು, ಈ ಪತ್ರದಿಂದ ಯಾರ ಮೇಲೂ ಹಣಕಾಸಿನ ಹೊಣೆ ಬರುವುದಿಲ್ಲ ಅಂತ. ಮೊದಲ ಸಲ ಓದಿದಾಗ ನಗು ಬಂತು. ಆಮೇಲೆ ಅರ್ಥ ಆಯ್ತು, ಇದು ಎರಡು ಕಂಪ್ಯೂಟರುಗಳ ನಡುವಿನ ಪ್ರೋಟೊಕಾಲ್ ಇದ್ದ ಹಾಗೆ. ಯಾವ ಪೋರ್ಟ್, ಯಾವ ಫಾರ್ಮ್ಯಾಟ್, ಯಾರು ಮೊದಲು ಮಾತಾಡಬೇಕು ಅಂತ ಅದು ಹೇಳುತ್ತೆ. ಬಂದ ಮೆಸೇಜ್ ಓದಿ ಆಚೆ ಕಡೆಯವರು ಏನು ಮಾಡಬೇಕು ಅಂತ ಹೇಳಲ್ಲ. 2011ರಲ್ಲಿ ಪ್ಯಾಕೆಟ್‌ಗಳೆಲ್ಲ ಸರಿಯಾಗಿ ತಲುಪಿದ್ದವು.

ಆ ವರ್ಷ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ನಾಯಕರು ಸೇರಿ ಇಗ್ಯಾಡ್ ಅಡಿಯಲ್ಲೇ ಬರ ಎದುರಿಸುವ ದೀರ್ಘಾವಧಿ ಕಾರ್ಯಕ್ರಮವೊಂದನ್ನು ಶುರುಮಾಡಿದರು. ನಿಜವಾದ ಪರೀಕ್ಷೆ ಬಂದದ್ದು ಹತ್ತು ವರ್ಷದ ನಂತರ. 2020ರ ಕೊನೆಯಿಂದ 2022ರ ಕೊನೆಯವರೆಗೆ ಒಂದರ ಹಿಂದೆ ಒಂದು ಐದು ಮಳೆಗಾಲ ಕೈಕೊಟ್ಟವು. ಈ ಸಲ ಒಂದು ಬದಲಾವಣೆ ಕಂಡಿತು. 2022ರ ಮೇ ಕೊನೆಯಲ್ಲಿ, ನಾಲ್ಕನೇ ಮಳೆಗಾಲ ಮುಗಿಯುವಾಗಲೇ, ವಿಶ್ವ ಹವಾಮಾನ ಸಂಸ್ಥೆ, ಇಕ್ಪ್ಯಾಕ್, ಎಫ್‌ಎಒ, ವಿಶ್ವ ಆಹಾರ ಕಾರ್ಯಕ್ರಮ ಮತ್ತಿತರ ಸಂಸ್ಥೆಗಳು ಸೇರಿ ಒಂದೇ ಹೇಳಿಕೆ ಕೊಟ್ಟವು: ಐದನೆಯದೂ ಕೈಕೊಡಬಹುದು, ಈಗಲೇ ಹೆಜ್ಜೆ ಇಡಿ. ಬೇರೆ ಬೇರೆ ಸಂಸ್ಥೆ ಬೇರೆ ಬೇರೆ ನಕ್ಷೆ ತೋರಿಸಿದರೆ ದಾನಿ ದೇಶಗಳಿಗೆ 'ನೋಡೋಣ' ಅನ್ನೋಕೆ ನೆಪ ಸಿಗುತ್ತೆ. ಆ ನೆಪ ಈ ಸಲ ಇರಲಿಲ್ಲ. ನೆರವು ತಡವಾದರೂ ದೊಡ್ಡ ಪ್ರಮಾಣದಲ್ಲಿ ಹೋಯ್ತು. 2011ಕ್ಕಿಂತ ಉದ್ದದ ಬರವಾದರೂ ಸೊಮಾಲಿಯಾದಲ್ಲಿ ಕ್ಷಾಮ ಘೋಷಣೆ ಆಗಲಿಲ್ಲ.

ಹಾಗಂತ ಗೆದ್ದೆವು ಅನ್ನೋ ಹಾಗಿಲ್ಲ. 2022ರಲ್ಲಿ ಸೊಮಾಲಿಯಾದಲ್ಲಿ ಬರದಿಂದ ಸುಮಾರು 43,000 ಹೆಚ್ಚುವರಿ ಸಾವುಗಳಾದವು ಅಂತ ಮರುವರ್ಷ ಬಂದ ಅಧ್ಯಯನ ಅಂದಾಜು ಮಾಡಿತು. ಅದರಲ್ಲೂ ಅರ್ಧ ಪುಟ್ಟ ಮಕ್ಕಳೇ. 2,58,000 ಎಲ್ಲಿ, 43,000 ಎಲ್ಲಿ ಅಂತ ಹೋಲಿಸೋಕೆ ಹೋದರೆ ಸಂಕೋಚ ಆಗುತ್ತೆ, ಆದರೆ ಹೋಲಿಸದೆ ಇದ್ದರೆ ಏನು ಬದಲಾಯ್ತು ಅಂತ ಗೊತ್ತಾಗಲ್ಲ.

ಈಗ ನಡೆಯುತ್ತಿರೋ ಪ್ರಯತ್ನ ಆ ಹಣದ ಸ್ವಿಚ್ಚನ್ನು ಸಾವಿನ ಲೆಕ್ಕದಿಂದ ಕಿತ್ತು ಮುನ್ಸೂಚನೆಗೆ ಜೋಡಿಸೋದು. ಅಂದರೆ, ಇಂತಿಷ್ಟು ಅಂಕಿ ದಾಟಿದರೆ ಇಂತಿಷ್ಟು ಹಣ ಇಂಥವರಿಗೆ ಇಂಥ ಕೆಲಸಕ್ಕೆ ಅಂತ ಮೊದಲೇ ಬರೆದಿಡೋದು. ಅಂಕಿ ದಾಟಿದ ದಿನ ಮತ್ತೆ ಸಭೆ ಬೇಡ, ಮತ್ತೆ ಮನವಿ ಬೇಡ. ವಿಶ್ವಸಂಸ್ಥೆಯ ತುರ್ತು ನಿಧಿ ಇದನ್ನು 2020ರಲ್ಲಿ ಸೊಮಾಲಿಯಾದಲ್ಲೇ ಪ್ರಯೋಗ ಮಾಡಿ ಒಂದೂವರೆ ಕೋಟಿ ಡಾಲರ್ ಬಿಡುಗಡೆ ಮಾಡಿತು. ಇದರಲ್ಲೂ ತೊಡಕಿದೆ. ಶೇ 45 ಸಾಧ್ಯತೆ ಅಂದಾಗ ಹಣ ಖರ್ಚು ಮಾಡಿದರೆ, ನೂರರಲ್ಲಿ 55 ಸಲ ಆ ಮಳೆಗಾಲ 'ಕಡಿಮೆ' ಸಾಲಿಗೆ ಬರೋದೇ ಇಲ್ಲ. ಆಗ ಆಡಿಟ್‌ನವರು ಕೇಳೋ ಪ್ರಶ್ನೆಗೆ ಯಾರು ಉತ್ತರ ಕೊಡಬೇಕು? ಮೇವು ಕೊಟ್ಟು ಉಳಿಸಿದ ಹಸುವಿಗಿಂತ, ಸತ್ತ ಮೇಲೆ ಹೊಸ ಹಸು ಕೊಳ್ಳೋದು ಎಷ್ಟೋ ಪಟ್ಟು ದುಬಾರಿ ಅನ್ನೋ ಲೆಕ್ಕ ಅವರಿಗೆ ಒಪ್ಪಿಗೆಯಾಗಬೇಕು.

ಇನ್ನೊಂದು ತೊಡಕು ರಾಜಕೀಯದ್ದು. ಒಕ್ಕೂಟ ಅಂದ ಮೇಲೆ ಮುನಿಸು ಇದ್ದೇ ಇರುತ್ತೆ. ಎರಿಟ್ರಿಯಾ 2007ರಲ್ಲಿ ಇಗ್ಯಾಡ್‌ನಿಂದ ಹೊರನಡೆದು 16 ವರ್ಷ ದೂರ ಇತ್ತು. ತನ್ನ ಅಂತರ್ಯುದ್ಧದ ವಿಚಾರದಲ್ಲಿ ಇಗ್ಯಾಡ್ ನಡೆದುಕೊಂಡ ರೀತಿ ಸರಿಯಿಲ್ಲ ಅಂತ ಸುಡಾನ್ 2024ರ ಜನವರಿಯಲ್ಲಿ ಸದಸ್ಯತ್ವವನ್ನೇ ಅಮಾನತಿನಲ್ಲಿಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಡಾನಿನ ಡಾರ್ಫರ್‌ನ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆ ಅಂತ ತಜ್ಞರ ಸಮಿತಿ ಖಚಿತಪಡಿಸಿತು. ಆ ಕ್ಷಾಮ ಮಳೆಯಿಲ್ಲದೆ ಬಂದದ್ದಲ್ಲ, ಯುದ್ಧ ತಂದದ್ದು. ನೈರೋಬಿಯ ಮಳೆ ನಕ್ಷೆಯಲ್ಲಿ ಅದು ಕಾಣೋದೂ ಇಲ್ಲ.